ತಿರುವುಮುರುವು

ಪೆಟ್ಟಿಗೆಯಿಲ್ಲ, ಹಿಟ್ಟಿನ ಚೀಲದಲ್ಲಿ ಬಂತು,
ಚೀಲದ ಬಾಯಿಗೆ ಬೂಟಿನ ಲಾಡಿ ಬಿಗಿದು.
ಎತ್ತಿದರೆ ಒಂದು ಮೊಟ್ಟೆಕೋಳಿಯಷ್ಟು ತೂಕ,
ಸೊಂಟವೂ ಹೆಚ್ಚುಕಡಿಮೆ ಅಷ್ಟೇ.
ಕೆಂಟಕಿಯ ಈ ಕಣಿವೆಗಳಲ್ಲಿ ಇಂಥವು ಇನ್ನೂ ಸಿಗುತ್ತವೆ:
ಮೂವತ್ತೊಂದನೇ ಇಸವಿಯಲ್ಲಿ
ಕ್ಯಾಟಲಾಗು ನೋಡಿ ಅಂಚೆಯಲ್ಲಿ ತರಿಸಿದವು,
ಬರ್ಚ್ ಮರಕ್ಕೆ ಮಹಾಗನಿಯ ಬಣ್ಣ ಬಳಿದುಕೊಂಡು
ದೊಡ್ಡ ಮನೆತನದವು ಎಂದು ಸುಳ್ಳು ಹೇಳುವವು.

ಎದೆಯ ಹಲಗೆ ಮೂರು ಕಡೆ ಸೀಳು.
ಎದ್ದು ನಿಂತ ಕುದುರೆಗೆ ಯಾರೋ
ಕೊಟ್ಟಿಗೆ ಬಾಗಿಲಿನ ಎರಡು ಬೋಲ್ಟು ಜಡಿದಿದ್ದರು.
ಕತ್ತು ಮುಂದಕ್ಕೆ ಬಾಗಿ, ತಂತಿಗೂ ಮೆಟ್ಟಿಗೂ ನಡುವೆ
ಇಲಿ ನುಸುಳುವಷ್ಟು ಜಾಗ.

ಕಿಂಡಿಯೊಳಗೆ ಪುಟ್ಟ ಕನ್ನಡಿ ಇಳಿಬಿಟ್ಟು ನೋಡಿದೆ.
ಏಣಿಯ ಹಲ್ಲಿನಂತೆ ಅಡ್ಡಪಟ್ಟಿಗಳು, ಕಲ್ಲಿದ್ದಲ ಧೂಳು,
ಅಂಗಿಯ ಒಂದು ಗುಂಡಿ, ಮೂಲೆಯಲ್ಲಿ
ಬುಡುಬುಡಿಕೆ ಹಾವಿನ ಬಾಲದ ತುದಿ, ಒಂಬತ್ತು ಗೆಣ್ಣು.
ಇಲ್ಲಿಯವರು ಹಾಕುತ್ತಾರೆ.
ತೇವ ತಡೆಯುತ್ತದೆ ಎನ್ನುವವರುಂಟು,
ಇಲಿ ಹತ್ತಿರ ಸುಳಿಯದು ಎನ್ನುವವರುಂಟು.
ನಮ್ಮಮ್ಮ ಹೇಳುತ್ತಿದ್ದಳು: ಮರಕ್ಕೂ ಒಂದು ನಾಲಗೆ ಬೇಕಲ್ಲ.
ಅದನ್ನು ಅಲ್ಲೇ ಬಿಟ್ಟೆ. ಅಷ್ಟು ಬುದ್ಧಿ ಇತ್ತು.

ನಲವತ್ತು ದಿನ.
ಆವಿ ಹಾಯಿಸಿ ಕತ್ತು ಬಿಡಿಸಿದೆ. ತೊಗಲಂಟು ಕಾಸಿದ ವಾಸನೆ
ಅಂಗಡಿಯಿಂದ ಮನೆಗೆ, ಮನೆಯಿಂದ ಚರ್ಚಿಗೆ
ನಾಯಿಯಂತೆ ಬೆನ್ನು ಹತ್ತಿತು.
ಸೀಳಿಗೆ ಒಳಗಿನಿಂದ ಉಗುರಗಲದ ಸ್ಪ್ರೂಸಿನ ತೇಪೆ.

ಒಂದು ಮಾತ್ರ ತಲೆಗೆ ಹತ್ತಲಿಲ್ಲ:
ಉಗುರು ಗೀಚಿದ ಗುರುತು ಕಿಂಡಿಯ ಮೇಲ್ಮಗ್ಗುಲಲ್ಲಿ,
ಇರಬೇಕಾದ್ದು ಕೆಳಗೆ.
ತಲೆಯ ಬಳಿಯ ಮೂಳೆಪಟ್ಟಿಯಲ್ಲಿ
ದಪ್ಪ ತಂತಿಯ ಗೀರು ತೆಳುವಿನ ಕಡೆ,
ತೆಳುವಿನದು ದಪ್ಪದ ಕಡೆ.
ಯಾರೋ ತಿಳಿಯದವರು ಕೊರೆದದ್ದು ಎಂದುಕೊಂಡೆ.
ತಿಳಿದವಳು ನಾನು. ಹಸುವಿನ ಮೂಳೆ ಉಜ್ಜಿ
ಹೊಸದು ಮಾಡಿ ಕೂರಿಸಿದೆ, ಕೂದಲೆಳೆ ತಪ್ಪದಂತೆ.

ಆರ್ಡಿತ್ ಸೈಜ್‌ಮೋರ್ ಬಂದಳು, ಎಂಬತ್ತೊಂದು ವರ್ಷ,
ಭಾನುವಾರದ ಬೂಟು ಹಾಕಿಕೊಂಡು ಬುಧವಾರ.
ಮೈ ಸವರಿದಳು. "ಹೊಳೀತಾ ಇದೆ," ಎಂದಳು.
ಮಡಿಲಲ್ಲಿಟ್ಟು, ಬಲಗೈಯಲ್ಲಿ ಕತ್ತು ಹಿಡಿದು
ಎಡಗೈ ಬೀಸಿದಳು.
ಪಾತ್ರೆ ಬಿದ್ದಂತಾಯಿತು.

ಎಡಚರೇ ನೀವು, ಕೇಳಿದೆ.
ಅಲ್ಲವಂತೆ. ಬರೆಯುವುದು ಬಲ, ಉಣ್ಣುವುದು ಬಲ.
ಅಪ್ಪ ಎನಾಕನ ಎಡಗೈಯ ಎರಡು ಬೆರಳನ್ನು
ಗಣಿಯೊಳಗೆ ಕಲ್ಲಿದ್ದಲ ಬಂಡಿ ತಿಂದಿತ್ತು.
ಒತ್ತುವ ಕೈ ಹೋದಮೇಲೆ ಮೀಟುವ ಕೈಗೆ
ಒತ್ತಲು ಕಲಿಸಿದ, ಉಳಿದ ಮೂರು ಬೆರಳಿಗೆ
ಮೀಟುವ ಕೆಲಸ ಕೊಟ್ಟ.
ಮಗಳು ಪಕ್ಕದಲ್ಲಿ ಕೂತು ಕಲಿತಳು.
"ಗಿಟಾರು ಅಂದ್ರೆ ಹಾಗೇ ಅಂದ್ಕೊಂಡಿದ್ದೆ.
ಶಾಲೇಲಿ ಬೇರೆಯವ್ರು ಬಾರಿಸೋದು ನೋಡಿ, ಪಾಪ,
ಇವ್ರಿಗೆ ಯಾರೂ ಹೇಳಿಕೊಟ್ಟಿಲ್ಲ ಅನ್ನಿಸ್ತಿತ್ತು."

ನಗಲೆಂದು ಹೇಳಿದ ಮಾತು. ನಾನಾಗಲೇ
ಕಸದ ಡಬ್ಬಿ ಬೋರಲು ಹಾಕಿ
ನಲವತ್ತು ದಿನದ ಹೊಟ್ಟಿನಲ್ಲಿ ಮೊಣಕಾಲೂರಿ
ಕಿರುಬೆರಳಷ್ಟು ಮೂಳೆ ತಡಕುತ್ತಿದ್ದೆ.

ಸಿಕ್ಕಿತು. ಒಂದು ಮೂಲೆ ಒಡೆದಿತ್ತು.
ಎತ್ತರಕ್ಕೆಂದು ಅವನು ಅಡಿಯಲ್ಲಿಟ್ಟ
ಬೆಂಕಿಪೊಟ್ಟಣದ ರಟ್ಟು ಮಾತ್ರ ಸಿಗಲಿಲ್ಲ,
ನನ್ನದೊಂದನ್ನು ಹರಿದು ಇಟ್ಟೆ.
ತಂತಿಗಳನ್ನು ತಿರುವುಮುರುವು ಬಿಗಿದೆ.

ಮೂರನೆಯದು ಕೊಂಚ ಜುಂಯ್ ಎನ್ನುತ್ತದೆ,
ಸರಿಮಾಡಲೇ ಎಂದೆ.
ಬೇಡ ಎಂದಳೋ, ಎಷ್ಟಾಯಿತು ಎಂದಳೋ,
ಕೇಳಿಸಲಿಲ್ಲ. ಬಾರಿಸತೊಡಗಿದ್ದಳು,
ಒಳಗೆ ಆ ಹಾವಿನ ಬಾಲ
ಅರ್ಧ ತಾಳ ತಡವಾಗಿ
ಗಿಲಗಿಲ ಎನ್ನುತ್ತಿತ್ತು.