ನಾಲ್ಕು ಬೆರಳು

ಮೇಯರ್ ಗೌನು ನನ್ನ ಅಂಗಡಿಗೆ ಬರುವುದು
ವರ್ಷಕ್ಕೊಂದು ಸಲ, ಹಳೇ ಪೇಪರಿನಲ್ಲಿ ಸುತ್ತಿಕೊಂಡು,
ದಫೇದಾರ್ ಚೌಡಪ್ಪನ ಕಂಕುಳಲ್ಲಿ.
ಗಾಂಧಿ ಬಜಾರಿನ ಈ ಮೂರಡಿ ಗೂಡಿನಲ್ಲಿ ಕೂತು
ಏಳು ಮೇಯರುಗಳ ಭುಜ ಅಳೆದಿದ್ದೇನೆ.
ಒಬ್ಬೊಬ್ಬರದೂ ಸೂಜಿತೂತು ಅಂಚಿನಲ್ಲಿವೆ
ಇರುವೆಸಾಲಿನ ಹಾಗೆ.

ಈ ಸಲ ಹೊತ್ತು ತಂದವರು ಮೇಯರೇ,
ನೀಲಾಂಬಿಕೆಯವರು. ಕಾರು ನೆಹರೂ ರಸ್ತೆಯಲ್ಲೇ ಬಿಟ್ಟು
ಅಂಗಡಿ ಮುಂದಿನ ಬಾಯ್ತೆರೆದ ಚರಂಡಿಯನ್ನು
ಸೀರೆ ಎತ್ತಿ ದಾಟಿ.
(ಚಪ್ಪಡಿ ಹಾಕಿಸುತ್ತೇನೆ ಅಂದಿದ್ದರು, ಹೋದ ಯುಗಾದಿಗೆ.)
ಮೀಸಲಾತಿಯ ಕಾಯಿ ಸುತ್ತಿ ಬಂದು
ಮತ್ತೆ ಹೆಂಗಸರ ಮನೆಗೇ ಬಿದ್ದಿದೆ.
"ಇನ್ನೊಂದು ವರ್ಷ, ವಿಠೋಬಣ್ಣ. ಹದಿನೆಂಟು ಕೈ ಸಾಕು,
ನನ್ನ ಹತ್ತಿರ ಇಪ್ಪತ್ತಿವೆ."
ಆ ಇಪ್ಪತ್ತು ಕೈ ಸಾಗರದ ಕಡೆ ಯಾವುದೋ ರೆಸಾರ್ಟಿನಲ್ಲಿ
ಮೂರು ದಿನದಿಂದ ಕೇರಂ ಆಡುತ್ತಿವೆ,
ಫೋನು ಎತ್ತುವುದಿಲ್ಲ.

"ಈ ಮಡಿಕೆ ಭಾರ, ಕಾಲಿಗೆ ತೊಡರುತ್ತೆ. ಕತ್ತರಿಸಿಬಿಡು."
ಹೋದ ವರ್ಷ ನಾಲ್ಕು ಬೆರಳು ಒಳಗೆ ಮಡಿಸಿದ್ದೆ.
ಕುಳ್ಳಗಿನ ಹೆಂಗಸು. ಕತ್ತರಿಸು ಅಂದಿರಲಿಲ್ಲ ಆಗ.

ಕತ್ತರಿಗೆ ಎಣ್ಣೆ ಬಿಟ್ಟೆ.
ರಾತ್ರಿ ಒಂಬತ್ತಕ್ಕೆ ಚೌಡಪ್ಪ ಬಂದ,
ಗಂಟು ಹಾಕಿದ ನೂಲೊಂದನ್ನು ಮೇಜಿನ ಮೇಲಿಟ್ಟ:
ವಿನೋಬನಗರದ ರೇಣುಕಾಂಬೆಯವರು,
ಭುಜದಿಂದ ಹಿಮ್ಮಡಿಗೆ.
"ನಾನು ಬಂದಿಲ್ಲ" ಅಂದು ಹೊರಟ.

ಆ ಸಭೆಯಲ್ಲಿ ನನಗೆ ಓಟಿಲ್ಲ.
ಇದ್ದದ್ದು ಇಷ್ಟೇ, ಕತ್ತರಿಸದೆ ಇರುವುದು.
ಕಚ್ಚಾ ಹೊಲಿಗೆ ಹಾಕಿಟ್ಟೆ, ಒಂದೆಳೆ ಎಳೆದರೆ ಬಿಚ್ಚುವಂತೆ.

ಬಸ್ಸು ನೇರ ಪಾಲಿಕೆಯ ಮೆಟ್ಟಿಲಿಗೇ ಬಂತಂತೆ.
ಆಯುಕ್ತರು ಕೈ ಎಣಿಸಿದರಂತೆ, ಎರಡು ಸಲ.
ಹನ್ನೆರಡೂ ಹತ್ತಕ್ಕೆ ಫೋನು. ಚೌಡಪ್ಪ. ಒಂದೇ ಮಾತು:
"ಬಿಚ್ಚು."

ಬಿಚ್ಚಿದೆ. ಮಡಿಕೆಯೊಳಗೆ ವರ್ಷದ ಧೂಳು,
ಎರಡು ಅಕ್ಷತೆ ಕಾಳು,
ಯಾವುದೋ ಗುದ್ದಲಿಪೂಜೆಯ ಕುಂಕುಮ.
ಉಳಿದ ಗೌನೆಲ್ಲ ಬಿಸಿಲಿಗೆ ಇಟ್ಟಿಗೆ ಬಣ್ಣವಾಗಿದೆ,
ಬುಡದಲ್ಲಿ ಮಾತ್ರ ನಾಲ್ಕು ಬೆರಳು
ಅಂಗಡಿಯಿಂದ ಈಗಷ್ಟೇ ಹರಿದು ತಂದಂಥ ಕೆಂಪು.
ಎಷ್ಟು ಇಸ್ತ್ರಿ ತಿಕ್ಕಿದರೂ ನಡುವಿನ ಗೆರೆ ಹೋಗಲಿಲ್ಲ.
ಹಾಗೇ ಕಳಿಸಿದೆ.

ಸಂಜೆ ನೀಲಾಂಬಿಕೆಯವರು ಬಂದರು, ನಡೆದುಕೊಂಡು.
ಹೊಲಿಗೆಯ ಎಂಬತ್ತು ರೂಪಾಯಿ ಎಣಿಸಿಟ್ಟು
"ಕತ್ತರಿಸಿದ್ದೆಯಾ?" ಅಂದರು.
ಇಲ್ಲ ಅಂದೆ.
ಮೆಷಿನಿನ ಗಾಲಿಯನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ
"ಒಳ್ಳೇದಾಯ್ತು ಬಿಡು" ಅಂದರು.

ಹೋಗುವಾಗ ಚರಂಡಿಯ ಅಂಚಿಗೆ ನಿಂತು
ಬಗ್ಗಿ ನೋಡಿದರು.
ಇದು ಎಷ್ಟು ಆಳ ಇದೆ, ವಿಠೋಬಣ್ಣ,
ನಿನ್ನ ಟೇಪು ಕೊಡು.