ಇವತ್ತು ಆಗ್ಲಿಕ್ಕಿಲ್ಲ

ಕೂತ್ಕೊ ಮಿಸ್ರಿಯಾ, ಫ್ಯಾನು ಜೋರು ಮಾಡ್ತೇನೆ.
ತಳಂಗರೆಯಿಂದ ನಡೆದೇ ಬಂದೆಯಾ ಈ ಬಿಸಿಲಿಗೆ?
ಕೈ ಕೊಡು. ಇಲ್ಲಿ, ದೀಪದ ಕೆಳಗೆ.

ಹೆಬ್ಬೆರಳಿನ ಹಳೇ ಜೆಲ್ ಒಂದು ಬದಿ ಎದ್ದಿದೆ,
ಮಾಡಿನಲ್ಲಿ ಒಂದೇ ಹಂಚು ಸರಿದ ಹಾಗೆ.
ನೀರು ಇಳಿದಿದೆ.
ಅಡಿಯಲ್ಲಿ ಹಸಿರು,
ಬಾವಿಕಟ್ಟೆಯ ಒಳಗೋಡೆಯ ಹಸಿರು.
ಮೇಲೆ ಇನ್ನೊಂದು ಪದರ ಬಳಿದರೆ
ನಿಕಾಹದ ಫೋಟೋದಲ್ಲಿ ಯಾರಿಗೂ ಕಾಣ್ಲಿಕ್ಕಿಲ್ಲ, ಅದು ಸರಿ.
ಆದರೆ ಉಗುರಲ್ಲಿ ಹೋಗುವುದಕ್ಕೆ
ಆಮೇಲೆ ಕೊಡಲಿ ಹುಡುಕಬೇಕಾಗ್ತದೆ.

ಸಾವಿರದ ಇನ್ನೂರು ನನಗೂ ಬೇಕು ಮಾರಾಯ್ತಿ.
ಬಾಡಿಗೆಗೆ ಇವತ್ತೇ ಕೊನೆ.

ಎಳೆದು ಕೀಳಬೇಡ!
ಅದರ ಜೊತೆ ನಿನ್ನದೂ ಬರ್ತದೆ.
ಹತ್ತಿಯಲ್ಲಿ ನೆನೆಸಿಡ್ತೇನೆ. ಕಾಲು ಗಂಟೆ.

ಸೋಮವಾರ ಬದಿಯಡ್ಕದ ವಾರಿಜಾ ಟೀಚರು ಬಂದಿದ್ದರು.
ಬುಧವಾರ ಮಂಗಳೂರಲ್ಲಿ ಪಿತ್ತಕೋಶದ ಆಪರೇಶನ್,
ನೋಡಲು ಬರುವವರ ಎದುರು ಕೈ ಚೆಂದ ಇರಬೇಕಂತೆ.
ಬೆರಳಿಗೆ ಒಂದು ಕ್ಲಿಪ್ಪು ಹಾಕ್ತಾರೆ ಟೀಚರೇ,
ಅದು ಉಗುರಿನ ಮೂಲಕ ರಕ್ತ ಓದ್ತದೆ,
ಅಲ್ಲಿ ನೀಲಿ ಬಂದರೆ ಡಾಕ್ಟರಿಗೆ ಕಾಣಬೇಕು,
ನಮ್ಮ ಮರೂನ್ ಅಲ್ಲ, ಅಂದೆ.
ಬೋಳು ಕೈಯಲ್ಲಿ ಹೋಗ್ಲಾ? ಅಂತ ಸಿಟ್ಟು ಮಾಡಿದರು.
ಹಾಗೇ ಹೋದರು.

ನನ್ನ ಕೈಗವಸು ಯಾಕೆಂದು ನೀನು ಕೇಳಲೇ ಇಲ್ಲ.
ನೋಡು.
ಎಂಟು ವರ್ಷ ಊರಿಗೆಲ್ಲ ಬಣ್ಣ ಬಳಿದ ತುದಿಗಳು
ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಸುಲೀತವೆ.
ಗಟ್ಟಿಯಾಗುವ ಮೊದಲು ತಾಗಿದ ಒಂದೊಂದು ಹನಿಗೂ
ಚರ್ಮ ಲೆಕ್ಕ ಬರೆದಿಟ್ಟಿತ್ತು.
ಒಂದು ದಿನ ಪುಸ್ತಕ ಮುಚ್ಚಿತು.
ಹಲ್ಲು ತುಂಬಿಸಲಿಕ್ಕೆ ಹೋದರೂ ಮೊದಲೇ ಹೇಳು
ಎಂದಿದ್ದಾರೆ ಚರ್ಮದ ಡಾಕ್ಟರು.
ಹಲ್ಲಿಗೂ ಉಗುರಿಗೂ ಎಂತ ಸಂಬಂಧ?
ಉಂಟಂತೆ.

ಕುಂಬಳೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದಳು.
ಬೆರಳಿಗೆ ತಗಡಿನ ಉಗುರು, ಎಲೆಯ ಬಾಯಿ ಮಡಚಲು.
ಸಂಜೆ ಲೆಕ್ಕ ಒಪ್ಪಿಸಿ ಬಂದವಳೇ
ಅದನ್ನು ಕಳಚಿ ಕಿಟಕಿಯ ದಂಡೆಯ ಮೇಲಿಡುವಳು,
ಠಣ್.
ಆ ಸದ್ದಾದ ಮೇಲೆಯೇ
ನಮ್ಮ ತಲೆಯ ಹೇನು ನೋಡುವುದು.

ಉಗುರು ಉಸಿರಾಡಬೇಕು ಅಂತಾರೆ ಎಲ್ಲರೂ. ಸುಳ್ಳು.
ಅದಕ್ಕೆ ಬೆಳೆಯುವುದೊಂದೇ ಗೊತ್ತು,
ತಿಂಗಳಿಗೆ ಒಂದು ಎಳ್ಳಿನಷ್ಟು.

ಬಂತು, ನೋಡು, ಇಡೀ ಪದರ ಸಲೀಸಾಗಿ.
ಹೆದರಬೇಡ, ಇದು ನಿನ್ನದೇ.
ಡಾಕ್ಟರಿಗೆ ತೋರಿಸು, ನಾಳೆಯೇ.
ಮದುವೆಗೆ ಅಂಗೈಯ ಮೈಲಾಂಚಿ ಸಾಕು,
ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೋ ಫೋಟೋಕ್ಕೆ.

ಪರ್ಸು ಒಳಗಿಡು.
ತೆಗೆದದ್ದಕ್ಕೆ ನಾನು ದುಡ್ಡು ತಕ್ಕೊಳ್ಳುವುದಿಲ್ಲ.