ಕರಿ ಮರಳು

ಆ ಊರ ಹೆಸರು ಹೇಳುವಷ್ಟರಲ್ಲಿ
ನಾಲಿಗೆ ಎರಡು ಸಲ ಎಡವಿತು: ರೇಕ್ಯಾವಿಕ್.
ತಗಡಿನ ಮನೆಗಳು, ಕೆಂಪು, ನೀಲಿ, ಸಾಸಿವೆ ಬಣ್ಣ,
ಒಂದು ಬೀದಿಯಲ್ಲೂ ನಾಯಿ ಬೊಗಳಲಿಲ್ಲ ಅಂದೆ.
ಹಯಾತ್‌ಬೀ ಒಲೆಗೆ ಹೊಟ್ಟು ಸುರಿಯುತ್ತ
"ಊಟಕ್ಕೇನು?" ಅಂದಳು.

ಮೀನು. ಮತ್ತೆ ಮೀನು.

ನೆಲ ಸೀಳಿ ಬಿಸಿನೀರು ತೆಂಗಿನಮರದುದ್ದ ಹಾರಿ
ಮರುಗಳಿಗೆ ಏನೂ ಆಗದ ಹಾಗೆ
ಹೊಂಡ ಕಣ್ಣು ಮುಚ್ಚಿದ್ದು ಹೇಳಿದೆ.
ನಡುರಾತ್ರಿ ಆಕಾಶದಲ್ಲಿ ಹಸಿರು ಬೆಂಕಿ,
ಯಾರೋ ಒಗೆದ ಸೀರೆ ಕೊಡವಿದಂತೆ.
"ಹೊಗೆ?"
ಇಲ್ಲ.
ಅವಳು ಕೆಮ್ಮಿದಳು. ನಂಬಲಿಲ್ಲ.

ಎಣ್ಣೆ ಕಂಪನಿ ಕೊಡಿಸಿದ ಬಹುಮಾನದ ಟೂರು,
ಹನ್ನೊಂದು ಮಂದಿ ವ್ಯಾಪಾರಿಗಳು, ಬಾಡಿಗೆ ಕೋಟು.
ಕಡಲ ದಂಡೆ ಕಪ್ಪಗಿತ್ತು, ಹಯಾತ್‌ಬೀ,
ದಾವಣಗೆರೆಯ ನಮ್ಮ ಮಂಡಕ್ಕಿ ಭಟ್ಟಿಯ
ಬಾಣಲೆಯ ಮರಳಿನಷ್ಟೇ ಕಪ್ಪು.
ಅದರ ಮೇಲೆ ಬೆಳ್ಳಗೆ ಹಿಮ ಬೀಳುತ್ತಿತ್ತು.
ಎಲ್ಲರೂ ಫೋಟೊಕ್ಕೆ ನಿಂತರು, ನಾನೊಬ್ಬ
ಚಟಪಟ ಸದ್ದಿಗೆ ಕಾದೆ.

ಕಾಲುಚೀಲದಲ್ಲಿ ಕದ್ದು ತಂದ ಹಿಡಿ ಮರಳನ್ನು
ಅವಳ ಅಂಗೈಗೆ ಸುರಿದೆ.
ತಿಕ್ಕಿದಳು, ಮೂಸಿದಳು, ನಾಲಿಗೆಗೆ ಹಚ್ಚಿದಳು.
"ಉಪ್ಪೈತೆ, ಒಳ್ಳೇದೇ.
ದಪ್ಪ ಆತು ಸಾಹುಕಾರ್ರೆ, ಅಕ್ಕಿ ಸೀಯ್ತದೆ"
ಅನ್ನುತ್ತ ಜರಡಿ ಹುಡುಕಲು ಎದ್ದಳು.